ಸಮಾಧಾನಕ್ಕೆ ಕೊಟ್ಟ ಎರಡು ವರ್ಷ

ಮೂವತ್ತೆಂಟು ಮತ್ತು ಇಪ್ಪತ್ತಾರು ಕೂಡಿದರೆ ಅರವತ್ತನಾಲ್ಕು. 2022ರ ಏಪ್ರಿಲ್ ಕೊನೆಯಲ್ಲಿ, ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಕೇಂದ್ರದಲ್ಲಿ ಕೂತು, ಒಂದೇ ಉತ್ತರಪತ್ರಿಕೆಯ ಮೇಲೆ ಈ ಲೆಕ್ಕವನ್ನು ನಾನು ಹನ್ನೊಂದು ಸಲ ಮಾಡಿದೆ. ಹನ್ನೊಂದನೇ ಸಲವೂ ಅರವತ್ತನಾಲ್ಕೇ ಬಂತು. ಪತ್ರಿಕೆಯನ್ನು ಕಟ್ಟಿಗೆ ಸೇರಿಸಿದೆ, ದಾರ ಬಿಗಿದೆ, ಮತ್ತೆ ಬಿಚ್ಚಿದೆ. ಪಕ್ಕದ ಮೇಜಿನವರು ಊಟಕ್ಕೆ ಎದ್ದು ಹೋಗಿ ಬಂದರೂ ನಾನು ಅದೇ ಪತ್ರಿಕೆಯಲ್ಲಿದ್ದೆ. ಆ ಹುಡುಗ ಯಾರೋ, ಯಾವ ಊರಿನವನೋ ಗೊತ್ತಿಲ್ಲ. ನನ್ನಿಂದಾಗಿ ಅವನು ಫೇಲಾಗಿ, ಅವನು ಏನಾದರೂ ಮಾಡಿಕೊಂಡು, ಅವನ ತಾಯಿ ಎದೆ ಬಡಿದುಕೊಂಡು ಅಳುವುದು ಮಾತ್ರ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

ನಾನು ಶಿವಮೊಗ್ಗದಲ್ಲಿ ಹೈಸ್ಕೂಲಿನ ಕನ್ನಡ ಮೇಡಂ. ಕೂಡುವಾಗ ತಪ್ಪಾದರೆ ಮಂಡಳಿ ದಂಡ ಹಾಕುತ್ತದೆ, ಹಾಗಾಗಿ ಎಲ್ಲರೂ ಎರಡೆರಡು ಸಲ ನೋಡುತ್ತಾರೆ. ನನ್ನದು ಆ ಎಚ್ಚರಿಕೆಯನ್ನು ದಾಟಿ ಬಹಳ ದೂರ ಹೋಗಿತ್ತು. ಮನೆಯಲ್ಲಿ ಗ್ಯಾಸಿನ ನಾಬು, ಮುಂಬಾಗಿಲ ಬೀಗ, ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು, ಎಲ್ಲವೂ ನನ್ನನ್ನು ವಾಪಸ್ ಕರೆಯುತ್ತಿದ್ದವು. ಬಿ.ಎಚ್. ರಸ್ತೆಯಲ್ಲಿ ಸ್ಕೂಟಿ ಗುಂಡಿಗೆ ಇಳಿದು ಜಗ್ಗಿದರೆ ‘ಯಾರಿಗಾದರೂ ಗುದ್ದಿದೆನಾ?’ ಎಂದು ಎದೆ ಧಸಕ್ಕೆನ್ನುತ್ತಿತ್ತು. ಮುಂದಿನ ತಿರುವಿನಲ್ಲಿ ಗಾಡಿ ತಿರುಗಿಸಿ ಆ ಗುಂಡಿಯ ಹತ್ತಿರ ಬಂದು ನೋಡುತ್ತಿದ್ದೆ. ಬಿದ್ದವರು ಯಾರೂ ಇರುತ್ತಿರಲಿಲ್ಲ. ಆದರೆ ನಾನು ಬರುವಷ್ಟರಲ್ಲಿ ಆಸ್ಪತ್ರೆಗೆ ಎತ್ತಿಕೊಂಡು ಹೋಗಿರಬಹುದಲ್ಲ? ಒಂದು ಗುಂಡಿಗೆ ಮೂರು ಸುತ್ತು ಹಾಕಿ ಶಾಲೆಗೆ ತಡವಾಗಿ ಹೋದ ದಿನಗಳಿವೆ.

ಜುಲೈನಲ್ಲಿ ಒಂದು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋದೆ. ಚಿಕ್ಕ ವಯಸ್ಸಿನ ಡಾಕ್ಟರು. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಅವರು ನನ್ನ ಕಥೆಯನ್ನು ಪೂರ್ತಿ ಹೇಳಲು ಬಿಡಲಿಲ್ಲ. ದಿನಕ್ಕೆ ಎಷ್ಟು ಗಂಟೆ ಇದರಲ್ಲೇ ಹೋಗುತ್ತೆ? ತಡೆದು ನಿಲ್ಲಿಸೋಕೆ ನೋಡಿದರೆ ಏನಾಗುತ್ತೆ? ಕೆಲಸಕ್ಕೆ ಎಷ್ಟು ಅಡ್ಡಿಯಾಗಿದೆ? ಹೀಗೆ ಒಂದರ ಹಿಂದೆ ಒಂದು ಪ್ರಶ್ನೆ. ಅವು ಯೇಲ್-ಬ್ರೌನ್ ಎಂಬ ಅಳತೆಗೋಲಿನ ಪ್ರಶ್ನೆಗಳೆಂದೂ, ಈ ಕಾಯಿಲೆ ಎಷ್ಟು ತೀವ್ರವಾಗಿದೆ ಎಂಬುದನ್ನು 40 ಅಂಕಗಳಿಗೆ ಅಳೆಯುತ್ತವೆಂದೂ ನನಗೆ ತಿಳಿದದ್ದು ಬಹಳ ತಡವಾಗಿ. ಕೊನೆಗೆ ಅವರೆಂದರು, “ಇದು ಗೀಳು ಕಾಯಿಲೆ ಮೇಡಂ, ಓಸಿಡಿ ಅಂತಾರೆ. ಮಾತ್ರೆ ಇದೆ, ಥೆರಪಿನೂ ಇದೆ. ಥೆರಪಿ ಮಾಡಿಸ್ಕೊಳ್ಳೋದು ಕಷ್ಟ ಅನ್ಸುತ್ತೆ. ಆದ್ರೆ ಕೆಲಸ ಮಾಡುತ್ತೆ.”

ಹತ್ತೇ ನಿಮಿಷ. ಆ ಹತ್ತು ನಿಮಿಷದಲ್ಲಿ ಅವರು ಹೇಳಿದ ಒಂದೊಂದು ಮಾತೂ ನಿಜವಾಗಿತ್ತು. ಆದರೂ ನಾನು ಸಿಟ್ಟಿನಿಂದ ಎದ್ದು ಬಂದೆ. ಇನ್ನೆರಡು ಮಾತು ಮೆತ್ತಗೆ ಆಡಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ. ಆದರೆ ತಪ್ಪು ಅವರದಲ್ಲ. ‘ಕಾಯಿಲೆ’ ಎಂಬ ಪದ ನನಗೆ ಬೇಡವಾಗಿತ್ತು. ‘ಕಷ್ಟ’ ಎಂಬ ಪದ ಇನ್ನೂ ಬೇಡವಾಗಿತ್ತು. ಅವರು ಬರೆದುಕೊಟ್ಟ ಚೀಟಿಯನ್ನು ಮನೆಗೆ ಬಂದು ಒಂದು ಪುಸ್ತಕದೊಳಗೆ ಇಟ್ಟೆ.

ಯಾವ ಪುಸ್ತಕದೊಳಗೆ ಎಂಬುದನ್ನು ಹೇಳದೆ ಹೋದರೆ ಈ ತಪ್ಪೊಪ್ಪಿಗೆ ಅರ್ಧವಾಗುತ್ತದೆ. ಡಾ. ಎಂ. ಶಿವರಾಂ ಅವರ ‘ಮನಮಂಥನ’. ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಬರೆದ ಆ ಪುಸ್ತಕಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಇದನ್ನು ಮಕ್ಕಳಿಗೆ ಸಾಮಾನ್ಯಜ್ಞಾನದ ಪ್ರಶ್ನೆಯಾಗಿ ಎಷ್ಟೋ ಸಲ ಕೇಳಿದ್ದೇನೆ. ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳನ್ನು ಶಾಲಾ ಗ್ರಂಥಾಲಯಕ್ಕೆ ತರಿಸಿ, ‘ಎಲ್ಲರೂ ಓದಬೇಕು, ಮನಸ್ಸಿಗೂ ಕಾಯಿಲೆ ಬರುತ್ತದೆ’ ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಭಾಷಣ ಮಾಡಿದವಳೂ ನಾನೇ. ಇಷ್ಟೆಲ್ಲ ಕನ್ನಡದಲ್ಲೇ ಕೈಗೆಟುಕುವಂತೆ ಇದ್ದರೂ, ನನ್ನ ಮನೆಬಾಗಿಲಿಗೆ ಅದು ಬಂದಾಗ ನಾನು ಬಾಗಿಲು ಹಾಕಿಕೊಂಡೆ.

ಆಮೇಲೆ ಒಬ್ಬ ಕೌನ್ಸೆಲರ್ ಅನ್ನು ಹುಡುಕಿದೆ. ಯಾವ ಲೆಕ್ಕದಲ್ಲಿ ಹುಡುಕಿದೆ ಎಂಬುದನ್ನು ಮುಚ್ಚಿಡದೆ ಬರೆಯುತ್ತೇನೆ. ಶಿವಮೊಗ್ಗದಲ್ಲಿರಬಾರದು, ಮಕ್ಕಳ ತಂದೆತಾಯಿ ಯಾರಾದರೂ ನೋಡಿಬಿಟ್ಟಾರು. ನನಗಿಂತ ಹಿರಿಯರಾಗಿರಬೇಕು. ಹೆಂಗಸಾಗಿರಬೇಕು. ನಮ್ಮ ಕಡೆಯ ಕನ್ನಡ ಆಡಬೇಕು. ಮತ್ತೆ, ಬರೆಯಲು ನಾಚಿಕೆಯಾದರೂ ಬರೆಯಬೇಕು, ನಮ್ಮ ಮನೆಗಳ ರೀತಿನೀತಿ ಗೊತ್ತಿರುವವರಾಗಿರಬೇಕು. ಹಾಗೆಂದರೆ ಏನರ್ಥ ಎಂದು ಓದುವವರಿಗೆ ಗೊತ್ತೇ ಇದೆ. ಒಬ್ಬರ ಹೆಸರು ಕೇಳಿದ ಕೂಡಲೇ ‘ಬೇಡ’ ಅಂದೆ. ಇನ್ನೊಬ್ಬರು ಫೋನಿನಲ್ಲೇ ‘ಎಷ್ಟು ಸಲ ಚೆಕ್ ಮಾಡ್ತೀರಿ?’ ಎಂದು ಕೇಳಿದರು. ಅವರೂ ಬೇಡವಾದರು. ಈ ಪಟ್ಟಿಯಲ್ಲಿ ಎಲ್ಲಿಯೂ ‘ನನಗಿರುವ ತೊಂದರೆಗೆ ಚಿಕಿತ್ಸೆ ಕೊಡಲು ಇವರು ಕಲಿತಿದ್ದಾರಾ?’ ಎಂಬ ಪ್ರಶ್ನೆಯೇ ಇರಲಿಲ್ಲ. ಸೊಂಟನೋವಿಗೆ ಡಾಕ್ಟರನ್ನು ಹುಡುಕುವಾಗ ಮೂಳೆಯವರೋ ನರದವರೋ ಎಂದು ನಾಲ್ಕು ಜನರನ್ನು ವಿಚಾರಿಸುವವಳು ನಾನು.

ಸಿಕ್ಕಿದವರು ಪಕ್ಕದ ಊರಿನಲ್ಲಿದ್ದರು. ಅರವತ್ತರ ಹತ್ತಿರದ ಹೆಂಗಸು. ಮನೆಯ ಮುಂದಿನ ಕೋಣೆಯೇ ಅವರ ಕೌನ್ಸೆಲಿಂಗ್ ಕೋಣೆ. ಬೆತ್ತದ ಕುರ್ಚಿ, ಕಿಟಕಿಯಾಚೆ ಪಾರಿಜಾತದ ಗಿಡ, ಹೋದ ಕೂಡಲೇ ಒಂದು ಲೋಟ ಬಿಸಿ ಕಷಾಯ. ಮೊದಲ ದಿನವೇ ನನ್ನ ಕೈಹಿಡಿದು, “ನಿಮಗೆ ಯಾವ ಕಾಯಿಲೆಯೂ ಇಲ್ಲಮ್ಮ. ಜವಾಬ್ದಾರಿ ಜಾಸ್ತಿ, ಅಷ್ಟೇ. ನಿಮ್ಮಂಥ ಮನಸ್ಸಿರೋರು ತಪ್ಪು ಮಾಡಲ್ಲ” ಅಂದರು. ನಾನು ಅತ್ತುಬಿಟ್ಟೆ. ಎಷ್ಟೋ ತಿಂಗಳಿನಿಂದ ಆ ಮಾತಿಗಾಗಿಯೇ ಕಾದಿದ್ದೆ. ಬಸ್ಸಿನಲ್ಲಿ ವಾಪಸ್ ಬರುವಾಗ ಮೈ ಹಗುರಾಗಿತ್ತು. ಇವರೇ ನನಗೆ ಸರಿಯಾದವರು ಎಂದು ತೀರ್ಮಾನಿಸಿದೆ. ಅದು 2022ರ ಸೆಪ್ಟೆಂಬರ್.

ಆ ಹಗುರ ಮೊದಮೊದಲು ನಾಲ್ಕು ದಿನ ಇರುತ್ತಿತ್ತು. ಆಮೇಲೆ ಎರಡು ದಿನ. ದೀಪಾವಳಿಯ ಹೊತ್ತಿಗೆ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಇಳಿದುಹೋಗತೊಡಗಿತು. ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದವಳು ವಾರಕ್ಕೊಮ್ಮೆ ಹೋದೆ. ನಡುವೆ ಫೋನ್ ಮಾಡತೊಡಗಿದೆ. “ಮೇಡಂ, ಇವತ್ತು ತರಕಾರಿ ಮಾರ್ಕೆಟ್ ಹತ್ರ ಗಾಡಿ ಒಂದು ಸಲ ಜಗ್ಗಿತು...” ಅನ್ನುವಷ್ಟರಲ್ಲಿ ಅವರು, “ಏನೂ ಆಗಿರಲ್ಲ, ನೆಮ್ಮದಿಯಾಗಿ ಮಲಗಿ” ಅನ್ನುತ್ತಿದ್ದರು. ಬೇಸರಪಡದೆ ಪ್ರತಿ ಸಲವೂ ಹೇಳುತ್ತಿದ್ದರು. ಆ ಮಾತನ್ನು ಕೇಳದೆ ನಿದ್ದೆ ಬಾರದ ಸ್ಥಿತಿಗೆ ನಾನು ಬಂದೆ. ಗ್ಯಾಸಿನ ನಾಬನ್ನು ಮುಟ್ಟಿ ನೋಡುವುದಕ್ಕೂ ಅವರಿಗೆ ಫೋನ್ ಮಾಡುವುದಕ್ಕೂ ವ್ಯತ್ಯಾಸವೇ ಇರಲಿಲ್ಲ. ಎರಡೂ ಒಂದೇ ಚಟ. ತುರಿಸಿದ ಕ್ಷಣ ಹಿತವಾಗಿ, ಆಮೇಲೆ ತುರಿಕೆ ಇನ್ನಷ್ಟು ಹಬ್ಬುತ್ತದಲ್ಲ, ಹಾಗೆ. ಇದು ನನಗೆ ಆಗ ತಿಳಿದಿರಲಿಲ್ಲ. ಗೀಳು ಕಾಯಿಲೆಯಲ್ಲಿ ಸಮಾಧಾನದ ಮಾತೇ ಕಾಯಿಲೆಗೆ ಆಹಾರವಾಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ತರಬೇತಿ ಪಡೆದವರೆಲ್ಲರಿಗೂ ಗೊತ್ತಿರುವ ಸಂಗತಿ.

2023ರ ಜನವರಿಯಲ್ಲಿ ನನ್ನ ತಂಗಿಗೆ ಹೆಣ್ಣು ಮಗುವಾಯಿತು. ಬಾಣಂತನ ಸಾಗರದ ನಮ್ಮ ತವರಿನಲ್ಲಿ. ಅಮ್ಮನಿಗೆ ಮಂಡಿನೋವು, ಕೆಳಗೆ ಕೂರಲಾಗದು. ಹಾಗಾಗಿ ಮಗುವಿಗೆ ಎರೆಯುವ ಕೆಲಸ ದೊಡ್ಡಮ್ಮನಾದ ನನಗೇ ಎಂದು ಮೊದಲೇ ಮಾತಾಗಿತ್ತು. ಭಾನುವಾರ ಬೆಳಿಗ್ಗೆ ಬಚ್ಚಲಿನಲ್ಲಿ ಹಂಡೆ ಕಾದಿತ್ತು. ಮಣೆಯ ಮೇಲೆ ಕೂತು ಕಾಲು ನೀಡಿದೆ. ಅಮ್ಮ ಎಣ್ಣೆ ಹಚ್ಚಿದ ಮಗುವನ್ನು ತಂದು ನನ್ನ ಮೊಣಕಾಲ ಕೆಳಗೆ, ಎರಡು ಕಾಲುಗಳ ಸಂದಿಯಲ್ಲಿ ಬೋರಲು ಮಲಗಿಸಿದರು. ಅಂಗೈಯಷ್ಟು ಬೆನ್ನು, ಎಣ್ಣೆಗೆ ಜಾರುತ್ತಿದ್ದ ಭುಜ. ಚೊಂಬಿಗೆ ನೀರು ತೋಡಿದೆ. ಆ ಕ್ಷಣದಲ್ಲಿ, ಯಾರೋ ಕಿವಿಯಲ್ಲಿ ಹೇಳಿದ ಹಾಗೆ, ಒಂದು ಯೋಚನೆ ಬಂತು. ಈ ಮಗುವಿನ ಮುಖವನ್ನು ನಾನು ನೀರಿನಲ್ಲಿ ಒತ್ತಿ ಹಿಡಿದುಬಿಟ್ಟರೆ?

ಚೊಂಬು ಕೈಜಾರಿತು. “ಅಮ್ಮಾ, ಕೈ ಉಳುಕಿತು, ಎತ್ಕೋ” ಎಂದು ಕೂಗಿದೆ. ಅಮ್ಮ ಗಾಬರಿಯಿಂದ ಬಂದು ಎತ್ತಿಕೊಂಡರು. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಮಧ್ಯಾಹ್ನದ ಬಸ್ಸಿಗೇ ಶಿವಮೊಗ್ಗಕ್ಕೆ ಬಂದೆ. ಆಮೇಲೆ ವರ್ಷಗಟ್ಟಲೆ ನಾನು ಆ ಮಗುವನ್ನು ಎತ್ತಿಕೊಳ್ಳಲಿಲ್ಲ. ತೊಟ್ಟಿಲು ಶಾಸ್ತ್ರದ ದಿನ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಹೆಸರಿಡುವಾಗ ಕಿವಿಯಲ್ಲಿ ಹೆಸರು ಹೇಳಲು ಕರೆದರೂ ಹೋಗಲಿಲ್ಲ. ತಂಗಿ ಒಂದೆರಡು ಸಲ ಮಗುವನ್ನು ಮಡಿಲಿಗೆ ಹಾಕಲು ಬಂದಳು. ಶೀತ, ತಲೆನೋವು, ಸೊಂಟ ಹಿಡಿದಿದೆ ಎಂದೆ. ಮೂರನೇ ಸಲ ಅವಳು ಬರಲಿಲ್ಲ.

ಇದನ್ನು ಆ ಕೌನ್ಸೆಲರ್ ಮುಂದೆ ನಾನು ಹೇಳಲಿಲ್ಲ. ಒಂದು ದಿನವೂ ಹೇಳಲಿಲ್ಲ. ‘ನಿಮ್ಮಂಥ ಮನಸ್ಸಿರೋರು’ ಎಂದು ಅವರು ನನ್ನನ್ನು ಎಲ್ಲಿ ಕೂರಿಸಿದ್ದರೋ ಅಲ್ಲಿಂದ ಕೆಳಗಿಳಿಯಲು ನನಗೆ ಮನಸ್ಸಾಗಲಿಲ್ಲ. ಅವರು ನನ್ನನ್ನು ಮೆಚ್ಚುತ್ತಾರೆ ಎಂಬ ಕಾರಣಕ್ಕೇ ಅವರನ್ನು ಆರಿಸಿಕೊಂಡಿದ್ದೆ. ಆ ಮೆಚ್ಚುಗೆಯೇ ನನ್ನ ಬಾಯಿ ಕಟ್ಟಿತು. ಅತಿ ಮುಖ್ಯವಾದ ಮಾತನ್ನೇ ಬಚ್ಚಿಟ್ಟುಕೊಂಡು ವಾರವಾರವೂ ಹೋಗಿ ಕೂತು, ಉಳಿದದ್ದನ್ನೆಲ್ಲ ಸೊಗಸಾಗಿ ಹೇಳಿ, ಹಣ ಕೊಟ್ಟು ಬಂದೆ. ಅಲ್ಲಿ ವಾಸಿಯಾಗುವುದಾದರೂ ಹೇಗೆ?

ಅವರು ಕೆಟ್ಟವರಲ್ಲ ಎಂಬುದನ್ನು ಇಲ್ಲಿ ಗಟ್ಟಿಯಾಗಿ ಹೇಳಬೇಕು. ನಮ್ಮ ಶಾಲೆಯದೇ ಒಬ್ಬ ಸಹೋದ್ಯೋಗಿ, ಗಂಡ ಹಠಾತ್ತನೆ ತೀರಿಕೊಂಡಾಗ ಊಟ ನಿದ್ದೆ ಬಿಟ್ಟು ಕೂತಿದ್ದರು. ಅವರನ್ನು ಅಲ್ಲಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಅದೇ ಬೆತ್ತದ ಕುರ್ಚಿಯಲ್ಲಿ ಕೂತು, ಅದೇ ಕಷಾಯ ಕುಡಿದು, ಆರು ತಿಂಗಳಲ್ಲಿ ಅವರು ಎದ್ದು ನಿಂತರು. ದುಃಖದಲ್ಲಿದ್ದವರ ಜೊತೆ ಕೂತು ಕೇಳಿಸಿಕೊಳ್ಳುವ ವಿದ್ಯೆ ಆ ಹಿರಿಯರಲ್ಲಿ ನಿಜವಾಗಿಯೂ ಇತ್ತು. ನನ್ನ ತೊಂದರೆಗೆ ಬೇಕಾದ ವಿದ್ಯೆ ಬೇರೆ. ‘ಇದು ನನ್ನ ಕೈಯಲ್ಲಾಗುವುದಲ್ಲ, ಇಂಥವರ ಹತ್ತಿರ ಹೋಗಿ’ ಎಂದು ಅವರು ಹೇಳಬೇಕಿತ್ತು, ನಿಜ. ಆದರೆ ಎಂಟು ತಿಂಗಳಾದರೂ ಏನೂ ಬದಲಾಗಿಲ್ಲವೆಂದು ಗೊತ್ತಿದ್ದೂ, ಬಿಟ್ಟರೆ ಅವರಿಗೆ ಬೇಜಾರಾದೀತು ಎಂದು ಮತ್ತೆ ಒಂದೂವರೆ ವರ್ಷ ಹೋದವಳು ನಾನು.

2024ರ ನವೆಂಬರ್‌ನ ಒಂದು ರಾತ್ರಿ, ಒಂದೂವರೆ ಗಂಟೆಯ ಹೊತ್ತಿಗೆ, ಅಡುಗೆಮನೆಯಲ್ಲಿ ಗ್ಯಾಸಿನ ಮುಂದೆ ನಿಂತೇ ಇದ್ದೆ. ನಾಬು ಆಫ್ ಆಗಿದೆ ಎಂದು ಕಣ್ಣಿಗೆ ಕಾಣುತ್ತಿತ್ತು, ಮನಸ್ಸಿಗೆ ಕಾಣುತ್ತಿರಲಿಲ್ಲ. ನಮ್ಮವರು ಎದ್ದು ಬಂದು, “ನಾನೇ ಮೂರು ಸಲ ನೋಡಿದೀನಿ ಕಣೇ, ಬಾ” ಅಂದರು. ಅವರ ಕಣ್ಣು ಕೆಂಪಾಗಿತ್ತು. ಎರಡು ವರ್ಷದಿಂದ ಅವರಿಗೂ ಸರಿಯಾದ ನಿದ್ದೆ ಇಲ್ಲ ಎಂಬುದು ನನಗೆ ಹೊಳೆದದ್ದೇ ಆಗ. ಶಾಲೆಯ ನೋಟಿಸ್ ಬೋರ್ಡಿನಲ್ಲಿ ನಾನೇ ಅಂಟಿಸಿದ್ದ ಟೆಲಿ ಮಾನಸ್ ಭಿತ್ತಿಪತ್ರ ನೆನಪಾಯಿತು. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಉಚಿತ ಸಹಾಯವಾಣಿ ಅದು. ದಿನದ ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ. 14416ಕ್ಕೆ ಕರೆ ಮಾಡಿ ಕನ್ನಡ ಆರಿಸಿದೆ. ಆ ಕಡೆಯ ಹುಡುಗಿ ನನ್ನ ಹೆಸರು ಊರು ಕೇಳುವ ಮೊದಲು, “ಈಗ ನಿಮ್ಮ ಜೊತೆ ಯಾರಾದ್ರೂ ಇದ್ದಾರಾ?” ಎಂದು ಕೇಳಿದಳು. ಆಮೇಲೆ ಎಲ್ಲ ಕೇಳಿಸಿಕೊಂಡು, “ಮೇಡಂ, ಇಷ್ಟು ದಿನ ತಗೊಂಡ ಕೌನ್ಸೆಲಿಂಗಿನಲ್ಲಿ ಇಆರ್‌ಪಿ ಅಂತ ಏನಾದ್ರೂ ಮಾಡಿಸಿದ್ರಾ?” ಅಂದಳು. ಆ ಮೂರಕ್ಷರವನ್ನು ನಾನು ಕೇಳಿಯೇ ಇರಲಿಲ್ಲ.

ಡಿಸೆಂಬರ್‌ನಲ್ಲಿ ರಾತ್ರಿ ರೈಲು ಹತ್ತಿ ಇಬ್ಬರೂ ಬೆಂಗಳೂರಿಗೆ ಹೋದೆವು. ಹೊಸೂರು ರಸ್ತೆಯ ನಿಮ್ಹಾನ್ಸ್. ಬೆಳಿಗ್ಗೆಯೇ ಉದ್ದದ ಸಾಲು. ರಾಯಚೂರಿನವರು, ಚಾಮರಾಜನಗರದವರು, ಆಂಧ್ರದವರು, ಮಗನ ಕೈ ಗಟ್ಟಿಯಾಗಿ ಹಿಡಿದುಕೊಂಡು ನಿಂತ ಅಪ್ಪಂದಿರು. ಯಾರಾದರೂ ನೋಡಿಯಾರು ಎಂದು ಎರಡು ವರ್ಷ ಹೆದರಿದ್ದವಳಿಗೆ ಅಲ್ಲಿ ನೋಡುವವರೇ ಇರಲಿಲ್ಲ. ಎಲ್ಲರಿಗೂ ಅವರವರ ಪಾಡು. ಅಲ್ಲಿ ವಿವರವಾಗಿ ವಿಚಾರಿಸಿ, ಮಾತ್ರೆ ಶುರುಮಾಡಿದರು. ಗೀಳು ಕಾಯಿಲೆಗೆ ಖಿನ್ನತೆಗಿಂತ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ, ಗುಣ ಕಾಣಲು ಹತ್ತು ಹನ್ನೆರಡು ವಾರ ಹಿಡಿಯುತ್ತದೆ, ನಡುವೆ ಬಿಡಬೇಡಿ ಎಂದು ಬಿಡಿಸಿ ಹೇಳಿದರು. ಜೊತೆಗೆ, ಇಆರ್‌ಪಿ ಮಾಡಿಸುವ ತರಬೇತಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರವೇ ಥೆರಪಿ ಮಾಡಿಸಿಕೊಳ್ಳಬೇಕು ಎಂದರು. ವಾರವಾರ ಶಿವಮೊಗ್ಗದಿಂದ ಬರಲಾಗದಿದ್ದರೆ ವೀಡಿಯೊ ಕರೆಯಲ್ಲೂ ಆಗುತ್ತದೆ ಎಂದು ಗೊತ್ತಾದದ್ದೂ ಅಲ್ಲೇ.

ಹೀಗೆ ಸಿಕ್ಕವರು ಕಲಬುರಗಿ ಕಡೆಯ ಹುಡುಗಿ. ಹುಡುಗಿ ಎನ್ನುತ್ತಿರುವುದು ವಯಸ್ಸಿನಿಂದಷ್ಟೇ. ನನ್ನ ಮೊದಲ ಬ್ಯಾಚಿನ ಮಕ್ಕಳಿಗಿಂತ ಚಿಕ್ಕವರು. ನಮ್ಮ ಭಾಷೆಯ ಧಾಟಿಯೇ ಬೇರೆ, ಅವರದೇ ಬೇರೆ. ನಮ್ಮ ಮನೆಗಳ ರೀತಿನೀತಿ ಅವರಿಗೆ ಗೊತ್ತಿರಲಿಲ್ಲ. ನನ್ನ ಹಳೆಯ ಪಟ್ಟಿಯ ಯಾವ ಕಲಮಿಗೂ ಅವರು ಹೊಂದುತ್ತಿರಲಿಲ್ಲ. ಮೊದಲ ದಿನ ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದ ಮೇಲೆ ಅವರು ತಾವಾಗಿಯೇ ಹೇಳಿದರು, “ಮೇಡಂ, ಈ ತ್ರಾಸಿದ್ದ ಭಾಳ ಮಂದಿಗೆ ಸಣ್ಣ ಕೂಸಿಗೆ ಏನರ ಮಾಡಿಬಿಡ್ತೀನೇನೋ ಅನ್ನೋ ಯೋಚನಿನೂ ಬರ್ತಾವ್ರಿ. ಅವರು ಮಾಡೋ ಮಂದಿ ಅಲ್ಲ, ಅದಕ್ಕ ಅಷ್ಟು ಅಂಜ್ತಾರ. ನಿಮಗೂ ಹಂಗೇನರ ಬಂದಾವೇನ್ರಿ?”

ಎರಡು ವರ್ಷ ಹೊತ್ತ ಮಾತು. ನಾನು ಹೌದು ಎಂದೆ. ಅವರು ಬೆಚ್ಚಲಿಲ್ಲ, ಅಯ್ಯೋ ಎನ್ನಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, “ಎಷ್ಟು ದಿನದಿಂದ್ರಿ?” ಎಂದಷ್ಟೇ ಕೇಳಿದರು. ಗ್ಯಾಸಿನ ನಾಬಿನ ಬಗ್ಗೆ ಕೇಳಿದ ಧಾಟಿಯಲ್ಲೇ ಕೇಳಿದರು. ಸರಿಯಾದವರು ಸಿಕ್ಕರೆಂದು ನನಗೆ ಅನ್ನಿಸಿದ್ದು ಆಗ.

ಆ ಸಂಜೆ, ಹಳೆಯ ಚಟದಂತೆ, ಅವರಿಗೊಂದು ಸಂದೇಶ ಕಳಿಸಿದೆ. ‘ನಾನು ಹಾಗೆ ಮಾಡುವುದಿಲ್ಲ ಅಲ್ಲವೇ?’ ಉತ್ತರ ಬರಲಿಲ್ಲ. ಮುಂದಿನ ವಾರ ಅವರೇ ಆ ಮಾತೆತ್ತಿದರು. “ಅದಕ್ಕ ನಾ ಉತ್ತರ ಕೊಡಂಗಿಲ್ರಿ ಮೇಡಂ. ಕೊಟ್ಟರ ನಿಮ್ಮ ಗೀಳಿಗೆ ನಾನೇ ಊಟಕ್ಕ ಹಾಕಿದಂಗ ಆಗ್ತದ.” ಸಿಟ್ಟು ಬಂತು. ಬಿಟ್ಟುಬಿಡಬೇಕು ಅನ್ನಿಸಿತು. ಆ ಸರ್ಕಾರಿ ಡಾಕ್ಟರ ಕೋಣೆಯಿಂದ ಎದ್ದು ಬಂದಾಗ ಬಂದದ್ದೂ ಇದೇ ಸಿಟ್ಟು ಎಂದು ಗುರುತು ಸಿಕ್ಕಿತು. ಗುರುತು ಸಿಕ್ಕಿದ್ದರಿಂದ ಉಳಿದೆ.

ಇಆರ್‌ಪಿ ಎಂದರೆ ಎಕ್ಸ್‌ಪೋಶರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್. ಯಾವುದಕ್ಕೆ ಹೆದರುತ್ತೇವೋ ಅದರ ಎದುರಿಗೆ ಬೇಕೆಂದೇ ನಿಲ್ಲುವುದು. ನಿಂತು, ಆ ಹೆದರಿಕೆ ಕಳೆಯಲು ನಾವು ಮಾಡುವ ಕೆಲಸವನ್ನು ಮಾಡದೇ ಇರುವುದು. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಇಬ್ಬರು ರೋಗಿಗಳಿಗೆ ಮಾಡಿಸಿ ಬರೆದಿಟ್ಟದ್ದರಿಂದ ಬೆಳೆದು ಬಂದ ಪದ್ಧತಿ. ಹೇಳುವುದಕ್ಕೆ ಎರಡು ಸಾಲು. ಮಾಡುವುದು ಹೇಗಿರುತ್ತದೆ ಎಂದರೆ, ಒಂದು ಶನಿವಾರ ಫೋನನ್ನು ಅಡುಗೆಮನೆಯ ಡಬ್ಬಿಗೆ ಒರಗಿಸಿ ನಿಲ್ಲಿಸಿದೆ. ಅವರು ಆ ಕಡೆಯಿಂದ ನೋಡುತ್ತಿದ್ದರು. ಒಲೆ ಹಚ್ಚಿ, ಆರಿಸಿ, ನಾಬನ್ನು ತಿರುಗಿ ನೋಡದೆ ಫೋನ್ ಎತ್ತಿಕೊಂಡು ಹಿತ್ತಿಲ ಮೆಟ್ಟಿಲ ಮೇಲೆ ಹೋಗಿ ಕೂತೆ. “ಕಳವಳ ನೂರಕ್ಕ ಎಷ್ಟದರಿ ಈಗ?” “ತೊಂಬತ್ತು.” ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು. ಗ್ಯಾಸಿನ ವಾಸನೆ ಬರುತ್ತಿದೆ ಎಂದೇ ಅನ್ನಿಸುತ್ತಿತ್ತು. ಎದ್ದು ಹೋಗಿ ನೋಡಿದರೆ ಅರ್ಧ ನಿಮಿಷದ ಕೆಲಸ. “ಕೂಡ್ರಿ. ಏನೂ ಮಾಡಬ್ಯಾಡ್ರಿ. ಪ್ರಾರ್ಥನಿನೂ ಬ್ಯಾಡ.” ಹತ್ತು ನಿಮಿಷ. “ಎಷ್ಟದರಿ?” “ಎಂಬತ್ತೈದು.” ಪಕ್ಕದ ಮನೆಯವರು ಬಟ್ಟೆ ಒಣಹಾಕುತ್ತಿದ್ದರು. ನಾನು ಅವರ ಸೀರೆಗಳನ್ನು ಎಣಿಸತೊಡಗಿದೆ. “ಎಣಿಸಬ್ಯಾಡ್ರಿ” ಅಂದರು, ತುಟಿ ಅಲ್ಲಾಡಿದ್ದನ್ನು ನೋಡಿ. ಇಪ್ಪತ್ತೈದು ನಿಮಿಷಕ್ಕೆ ಅರವತ್ತು. ನಲವತ್ತು ನಿಮಿಷವಾದಾಗ ಮೂವತ್ತೈದು. ನಾನು ಏನೂ ಮಾಡಿರಲಿಲ್ಲ, ಅದು ತಾನಾಗಿ ಇಳಿದಿತ್ತು. ನಲವತ್ತೇಳು ವರ್ಷದ ಬದುಕಿನಲ್ಲಿ ಹೆದರಿಕೆ ತಾನಾಗಿ ಇಳಿಯುತ್ತದೆ ಎಂಬುದನ್ನು ನೋಡಿದ್ದು ಅದೇ ಮೊದಲು.

ಮಗುವಿನ ಯೋಚನೆಯನ್ನು ಕೊನೆಗೆ ಇಟ್ಟುಕೊಂಡಿದ್ದರು. ಆ ವಾಕ್ಯವನ್ನು ಕನ್ನಡದಲ್ಲಿ, ನನ್ನ ಕೈಬರಹದಲ್ಲಿ, ಪೂರ್ತಿಯಾಗಿ ಬರೆದು ಗಟ್ಟಿಯಾಗಿ ಓದಬೇಕಿತ್ತು. ಬೋರ್ಡಿನ ಮೇಲೆ ಸಾವಿರಾರು ವಾಕ್ಯ ಬರೆದ ಕೈ, ಕರ್ತೃಪದ ಬರೆದು ನಿಂತುಬಿಟ್ಟಿತು. ಆ ದಿನ ಆಗಲಿಲ್ಲ. ಅದರ ಮುಂದಿನ ವಾರವೂ ಆಗಲಿಲ್ಲ. ಮೂರನೇ ವಾರ ಬರೆದೆ. ದಿನಕ್ಕೆ ಅರ್ಧ ಗಂಟೆಯಂತೆ ಓದಿದೆ. ಓದಿ ಓದಿ ಒಂದು ದಿನ ಅದು ಸವಕಲು ವಾಕ್ಯವಾಯಿತು, ಪರೀಕ್ಷೆಗೆ ಕಂಠಪಾಠ ಮಾಡಿದ ಸಾಲಿನ ಹಾಗೆ.

ನಮ್ಮವರಿಗೂ ಕೆಲಸ ಕೊಟ್ಟಿದ್ದರು. ನಾನು ಶಾಲೆಯಿಂದ ಕೇಳಿದಾಗಲೆಲ್ಲ ಬೀಗದ ಫೋಟೋ ತೆಗೆದು ಕಳಿಸುತ್ತಿದ್ದವರು ಅವರು. ಅದನ್ನು ನಿಲ್ಲಿಸಬೇಕಿತ್ತು. ಹೆಂಡತಿ ಅಳುವಾಗ ‘ನಾನು ಹೇಳೋದಿಲ್ಲ’ ಎಂದು ಕೂರುವುದು ಅವರಿಗೆ ನನಗಿಂತ ಕಷ್ಟವಾಯಿತು. ಥೆರಪಿ ಶುರುವಾದಾಗ ಯೇಲ್-ಬ್ರೌನ್ ಅಳತೆಯಲ್ಲಿ 29 ಇದ್ದದ್ದು, 2025ರ ಜುಲೈಗೆ, ಇಪ್ಪತ್ತು ಸಿಟ್ಟಿಂಗ್ ಮುಗಿದಾಗ, 11ಕ್ಕೆ ಇಳಿಯಿತು. ಪ್ರತಿ ಐದು ಸಿಟ್ಟಿಂಗಿಗೊಮ್ಮೆ ಅಳೆದು ನನಗೆ ತೋರಿಸುತ್ತಿದ್ದರು. ‘ಇಳಿದಿಲ್ಲ ಅಂದ್ರ ದಾರಿ ಬದಲಿ ಮಾಡೋಣ, ಇಲ್ಲಾಂದ್ರ ನನ್ನಕಿಂತ ಛಲೋ ಗೊತ್ತಿದ್ದವರ ಕಡೆ ಕಳಸ್ತೀನಿ’ ಎಂದು ಮೊದಲೇ ಹೇಳಿದ್ದರು. ಹಳೆಯ ಕೋಣೆಯಲ್ಲಿ ಎರಡು ವರ್ಷದಲ್ಲಿ ಯಾರೂ ಏನನ್ನೂ ಅಳೆದಿರಲಿಲ್ಲ, ಅಳೆಯಿರಿ ಎಂದು ನಾನೂ ಕೇಳಿರಲಿಲ್ಲ.

ಈಗ ಸ್ಟಾಫ್ ರೂಮಿನಲ್ಲಿ ಯಾರಾದರೂ ಹತ್ತಿರ ಬಂದು ‘ನಿಮ್ಮ ಡಾಕ್ಟರ ನಂಬರ್ ಕೊಡಿ’ ಎಂದರೆ ನಾನು ಥಟ್ಟನೆ ಕೊಡುವುದಿಲ್ಲ. ಏನು ತೊಂದರೆ ಎಂದು ಕೇಳುತ್ತೇನೆ. ಒಬ್ಬರ ಮಗ ಏಳನೇ ಕ್ಲಾಸಾದರೂ ಅಕ್ಷರ ಕೂಡಿಸಿ ಓದುವುದಿಲ್ಲ. ಅವನಿಗೆ ಬೇಕಾದದ್ದು ಕಲಿಕೆಯ ತೊಂದರೆಯನ್ನು ಪರೀಕ್ಷೆ ಮಾಡಬಲ್ಲವರು, ಆಮೇಲೆ ವಿಶೇಷ ಶಿಕ್ಷಕರು. ಇನ್ನೊಬ್ಬರ ಯಜಮಾನರ ಕುಡಿತ. ಅದಕ್ಕೆ ವ್ಯಸನಮುಕ್ತಿಯ ವಿಭಾಗವೇ ಬೇರೆ ಇದೆ. ನಿದ್ದೆ ಬಿಟ್ಟು, ಇಲ್ಲದ ದನಿ ಕೇಳುವವರು, ಸಾಯುವ ಮಾತಾಡುವವರು ಮೊದಲು ಮನೋವೈದ್ಯರ ಹತ್ತಿರವೇ ಹೋಗಬೇಕು, ಅದಕ್ಕೆ ಕಾಯಬಾರದು. ಮಾತ್ರೆ ಬರೆಯುವವರು ಎಂಬಿಬಿಎಸ್ ಆದಮೇಲೆ ಮನೋವೈದ್ಯಶಾಸ್ತ್ರ ಓದಿದ ವೈದ್ಯರು. ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರು 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು. ಆ ನಂಬರನ್ನು ಕೇಳಿ ನೋಡುವ ಹಕ್ಕು ನಮಗಿದೆ, ಕೇಳಿದರೆ ಒಳ್ಳೆಯವರು ಮುನಿಸಿಕೊಳ್ಳುವುದಿಲ್ಲ. ಬರೀ ‘ಕೌನ್ಸೆಲರ್’ ಎಂಬ ಬೋರ್ಡು ನೋಡಿದರೆ ಅವರು ಏನು ಓದಿದ್ದಾರೆಂದು ತಿಳಿಯುವುದಿಲ್ಲ. ಎರಡು ವರ್ಷ ಓದಿದವರಿರಬಹುದು, ಎರಡು ವಾರದ ಕೋರ್ಸ್ ಮಾಡಿದವರೂ ಇರಬಹುದು. ಕೇಳಿಯೇ ತಿಳಿಯಬೇಕು. ನಾವು ಹೇಳಿದ್ದು ಹೊರಗೆ ಹೋಗಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಇದು ಮೊದಲೇ ಗೊತ್ತಿದ್ದರೆ ಊರು ಬಿಟ್ಟು ಊರಿಗೆ ಹೋಗುತ್ತಿದ್ದೆನೋ ಇಲ್ಲವೋ.

ಇಷ್ಟು ವಿಚಾರಿಸಲು ಬೇಕಾದದ್ದು ಒಂದು ಮಧ್ಯಾಹ್ನ. ಅದನ್ನು ಮಾಡದೆ ಕಳೆದದ್ದು ಇಪ್ಪತ್ತಾರು ತಿಂಗಳು. ಸಂಬಳದ ದುಡ್ಡು ಹೋದದ್ದಕ್ಕೆ ನಾನು ಕೊರಗುವುದಿಲ್ಲ. ಆ ಮಗು ಬೋರಲು ಬಿದ್ದದ್ದು, ಅಂಬೆಗಾಲಿಟ್ಟದ್ದು, ಮೊದಲ ಹಲ್ಲು, ಮೊದಲ ಮಾತು, ಎಲ್ಲವೂ ನನಗೆ ಫೋನಿನ ವೀಡಿಯೊಗಳಾಗಿ ಮಾತ್ರ ಉಳಿದಿವೆ. ಅವು ಯಾವ ಥೆರಪಿಯಿಂದಲೂ ವಾಪಸ್ ಬರುವುದಿಲ್ಲ.

ತಂಗಿಗೆ ಎಲ್ಲವನ್ನೂ ಹೇಳಿದ್ದು 2025ರ ಆಗಸ್ಟ್‌ನಲ್ಲಿ. ಬಚ್ಚಲಲ್ಲಿ ಬಂದ ಯೋಚನೆಯನ್ನೂ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ನಿನಗೆ ಮಕ್ಕಳಿಲ್ಲ ಅಂತ ನನ್ನ ಮಗಳ ಮೇಲೆ ಹೊಟ್ಟೆಕಿಚ್ಚು ಅಂದ್ಕೊಂಡಿದ್ದೆ ಅಕ್ಕ. ಅಮ್ಮನ ಹತ್ರನೂ ಹಾಗೇ ಹೇಳಿದ್ದೆ” ಅಂದಳು. ಇಬ್ಬರೂ ಅತ್ತೆವು. ಆದರೆ ಅವತ್ತು ಅವಳು ಮಗುವನ್ನು ಎತ್ತಿ ನನ್ನ ಕೈಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ.

ದೀಪಾವಳಿಗೆ ಎಲ್ಲರೂ ಸಾಗರದಲ್ಲಿ ಸೇರಿದ್ದೆವು. ನರಕ ಚತುರ್ದಶಿಯ ಬೆಳಗಿನ ಜಾವ, ಎಣ್ಣೆಶಾಸ್ತ್ರ ಮುಗಿಸಿ ಒಬ್ಬೊಬ್ಬರೇ ಮೀಯುತ್ತಿದ್ದರು. ತಂಗಿ ಬಚ್ಚಲ ಬಾಗಿಲಿಗೆ ಬಂದು, “ಅಕ್ಕ, ಪುಟ್ಟಿಗೆ ನೀರು ಹಾಕು” ಅಂದಳು. ಮೂರು ತುಂಬುತ್ತಿರುವ ಹುಡುಗಿಯನ್ನು ಕಾಲ ಮೇಲೆ ಮಲಗಿಸಲು ಬರುವುದಿಲ್ಲ. ಮಣೆಯ ಮೇಲೆ ಕೂರಿಸಿದೆ. ಹಂಡೆಯ ನೀರಿಗೆ ತಣ್ಣೀರು ಬೆರೆಸಿ ಮೊಣಕೈ ಅದ್ದಿ ನೋಡಿದೆ. ಒಂದೇ ಸಲ ನೋಡಿದೆ. ಸೀಗೆಪುಡಿ ಕಲಸಿ ತಲೆಗೆ ಹಾಕಿದಾಗ ಆ ಯೋಚನೆ ಬಂತು. ಈಗಲೂ ಬರುತ್ತದೆ. ಬರಲಿ ಎಂದು ಬಿಟ್ಟು, ಚೊಂಬು ತುಂಬಿದೆ. “ದೊಡ್ಡಮ್ಮಾ, ಕಣ್ಣುರಿ!” ಎಂದು ಪುಟ್ಟಿ ಕಿರುಚಿದಳು. ಎಡಗೈಯನ್ನು ಅವಳ ಹಣೆಗೆ ಅಡ್ಡ ಹಿಡಿದು ನೀರು ಹೊಯ್ದೆ.

ತಂಗಿ ಟವೆಲ್ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಒಳಗೆ ಅವಳಿಗೆ ಬೇರೆ ಕೆಲಸವಿತ್ತು. ಮಗುವನ್ನು ಒರೆಸಲು ನಿಂತಿದ್ದಾಳೋ, ನನ್ನನ್ನು ನೋಡಲು ನಿಂತಿದ್ದಾಳೋ ಎಂದು ಕೇಳಬೇಕೆಂದು ಬಾಯಿಯ ತುದಿಗೆ ಬಂತು. ಕೇಳಲಿಲ್ಲ. ಇನ್ನೊಂದು ಚೊಂಬು ತೋಡಿದೆ.